ಟೀಚರಮ್ಮನ ಜೋಳದ ಚೀಲ

ಇವತ್ತು ಬೆಳಿಗ್ಗೆ ನನ್ನ ಹನ್ನೆರಡು ದಿನದ ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ನಾನೇ ಎಣ್ಣೆ ಹಚ್ಚಿ ನೀರು ಹಾಕಿದೆ. ಹಾಕಿ, ಮಗುವನ್ನು ಮಗಳ ಕೈಗೆ ಕೊಟ್ಟು, ಸ್ನಾನದ ತೊಟ್ಟಿಯಿಂದ ಯಾರ ಕೈಯನ್ನೂ ಹಿಡಿಯದೆ ಎದ್ದು ಆಚೆಗೆ ಬಂದೆ. ಇಷ್ಟೇ ಸಮಾಚಾರ. ಮಂಡ್ಯದಲ್ಲಿರುವ ತಂಗಿಗೆ ಫೋನಿನಲ್ಲಿ ಹೇಳಿದ್ದಾಯಿತು. ಪಕ್ಕದ ಮನೆಯ ಚೀನೀ ಅಜ್ಜಿಗೆ ಕೈಸನ್ನೆಯಲ್ಲಿ ಹೇಳಿದ್ದಾಯಿತು, ಅವರೂ ನನ್ನ ಮಂಡಿ ಮುಟ್ಟಿ ನಕ್ಕರು. ಆದರೂ ಸಂತೋಷ ಹೊಟ್ಟೆಯೊಳಗೆ ನಿಲ್ಲುತ್ತಿಲ್ಲ. ಅದಕ್ಕೇ ಬರೆಯಲು ಕೂತೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಎಲ್ಲರಿಗಿಂತ ಮೊದಲು ಹೇಳಬೇಕಾಗಿದ್ದವರಿಗೆ ಮಾತ್ರ ಹೇಳಲು ಆಗಲಿಲ್ಲ...

ಮಗು ನಿದ್ದೆ ಹೋದ ಮೇಲೆ ಒಣ ಸೀರೆ ತೆಗೆಯಲು ಸೂಟ್‌ಕೇಸು ಬಿಚ್ಚಿದೆ. ಸೀರೆಗಳ ಕೆಳಗೆ ಆ ಚೀಲ ಇತ್ತು. ಒಂದು ಗೇಣಿಗಿಂತ ಸ್ವಲ್ಪ ಉದ್ದ, ನೀಲಿ ಗೀರಿನ ಬಟ್ಟೆ, ಕಾಲಿಗೆ ಕಟ್ಟಿಕೊಳ್ಳಲು ಎರಡೂ ತುದಿಗೆ ಲಾಡಿ. ಒಳಗೆ ಹುರಿದ ಜೋಳ. ಐದು ವರ್ಷವಾದರೂ ಮೂಗಿನ ಹತ್ತಿರ ಹಿಡಿದರೆ ಹುರಿದ ವಾಸನೆ ಇನ್ನೂ ಸಣ್ಣಗೆ ಬರುತ್ತದೆ. ಆ ವಾಸನೆಯ ಜೊತೆಗೇ ಒಂದು ಗಡಸು ದನಿ ಕೇಳಿದಂತಾಯಿತು. "ಅವಸರ ಮಾಡಬ್ಯಾಡ ತಂಗಿ. ಒಂದು... ಎರಡು... ಮೂರು..."

ಐದು ವರ್ಷದ ಹಿಂದೆ, ದೊಡ್ಡ ಮೊಮ್ಮಗಳು ಹುಟ್ಟಿದಾಗ, ಅಮೆರಿಕದ ಸಾನ್ ಹೋಸೆಯ ಇದೇ ಅಪಾರ್ಟ್‌ಮೆಂಟಿಗೆ ಬಾಣಂತನಕ್ಕೆ ಬಂದಿದ್ದೆ. ಆಗ ಇಲ್ಲಿ ಎಲ್ಲರೂ ಓಡುತ್ತಿದ್ದರು. ಅಳಿಯ ಆಗತಾನೇ ಶುರುವಾದ ಒಂದು ಕಂಪನಿಯಲ್ಲಿದ್ದ, ಅವನ ಊಟ ತಿಂಡಿ ಎಲ್ಲಾ ಆಫೀಸಿನಲ್ಲೇ. ಮಗಳು ಮಗುವಿಗೆ ಹಾಲು ಕೊಡುತ್ತಲೇ ಫೋನಿನಲ್ಲಿ ಮೀಟಿಂಗು ಮಾಡುತ್ತಿದ್ದಳು. ಒಬ್ಬರು ತಿನ್ನುವಾಗ ಇನ್ನೊಬ್ಬರು ತಿಂದದ್ದನ್ನು ನಾನು ಆ ಮನೆಯಲ್ಲಿ ನೋಡಲಿಲ್ಲ.

ಇಲ್ಲಿಯ ಬಚ್ಚಲಲ್ಲಿ ನೆಲಕ್ಕೆ ನೀರು ಚೆಲ್ಲುವ ಹಾಗಿಲ್ಲ. ನಮ್ಮ ಕ್ರಮದಲ್ಲಿ ಮಗುವಿಗೆ ನೀರು ಹಾಕಬೇಕಾದರೆ ಸ್ನಾನದ ತೊಟ್ಟಿಯೊಳಗೇ ಇಳಿದು ಎರಡೂ ಕಾಲು ಚಾಚಿ ಕೂರಬೇಕು. ಊರಿನಲ್ಲಿ ನಾನು ಎಷ್ಟೋ ಮಕ್ಕಳಿಗೆ ನೀರು ಹಾಕಿದವಳು, ಅಕ್ಕಪಕ್ಕದ ಮನೆಯವರೂ ಬಂದು ಕರೆಯುತ್ತಿದ್ದರು. ಆದರೆ ನಾಲ್ಕು ವರ್ಷದಿಂದ ಮಂಡಿನೋವಿತ್ತು. ಅದನ್ನು ಮಗಳಿಗೆ ಹೇಳಿರಲಿಲ್ಲ, ಹೇಳಿದರೆ ಎಲ್ಲಿ ಕರೆಸಿಕೊಳ್ಳದೆ ಇದ್ದುಬಿಡುತ್ತಾಳೋ ಅಂತ. ಮೊದಲ ದಿನ ಮಗುವನ್ನು ಎತ್ತಿಕೊಂಡು ತೊಟ್ಟಿಗೆ ಇಳಿದೆ. ಅರ್ಧ ಬಗ್ಗುವಷ್ಟರಲ್ಲಿ ಬಲಮಂಡಿ ಸೋತುಹೋಯಿತು. ದೊಪ್ಪನೆ ಕೂತೆ. ಎದೆಗೆ ಒತ್ತಿ ಹಿಡಿದಿದ್ದರಿಂದ ಮಗುವಿಗೆ ಏನೂ ಆಗಲಿಲ್ಲ. ಮಗಳು ಓಡಿಬಂದು ಮಗುವನ್ನು ಕಿತ್ತುಕೊಂಡಳು... ಕಿತ್ತುಕೊಂಡಳು ಅಂತಲೇ ಬರೆಯುತ್ತೇನೆ, ಅವಳ ತಪ್ಪಲ್ಲ. ನನಗೆ ಏಳಲು ಆಗಲಿಲ್ಲ. ಹಸಿ ಬಾಣಂತಿ ನನ್ನನ್ನು ಎತ್ತುವ ಹಾಗಿರಲಿಲ್ಲ. ಅಳಿಯ ಆಫೀಸಿನಿಂದ ಬರುವ ತನಕ ಒದ್ದೆ ಸೀರೆಯಲ್ಲಿ ತೊಟ್ಟಿಯಲ್ಲೇ ಕೂತಿದ್ದೆ.

ಮಾರನೆಯ ದಿನ ಒಂದು ಪ್ಲಾಸ್ಟಿಕ್ ತೊಟ್ಟಿ ಬಂತು. ಮಗಳೇ ಅಡುಗೆಮನೆಯ ಕಟ್ಟೆಯ ಮೇಲೆ ಅದರಲ್ಲಿ ಮಗುವಿಗೆ ಸ್ನಾನ ಮಾಡಿಸಿದಳು. "ಅಮ್ಮ, ಪ್ಲೀಸ್, ಇನ್ನು ರಿಸ್ಕ್ ಬೇಡ. ನೀನು ಸೋಫಾ ಮೇಲೆ ಕೂತು ರೆಸ್ಟ್ ತಗೋ ಸಾಕು," ಅಂದಳು. ಬಾಣಂತನ ಮಾಡಲು ಬಂದವಳು ಬಾಣಂತಿಯ ಕೈಯಿಂದ ಕಾಫಿ ಇಸಿದುಕೊಂಡು ಕುಡಿದೆ. ನೋಯುವ ಕಾಲಿಗೆ ಆರಾಮೇ ಮದ್ದು ಅಂತ ನಾನೂ ನಂಬಿದ್ದೆ. ಎಣ್ಣೆ ತಿಕ್ಕಿ, ಬಟ್ಟೆ ಸುತ್ತಿ, ಕೂತಲ್ಲೇ ಕೂತೆ. ದಿನ ಹೋದ ಹಾಗೆ ಕಾಲು ಇನ್ನೂ ಸೋತಿತು.

ಒಂದು ದಿನ ಮಗುವಿನ ಬಟ್ಟೆ ಹಿಡಿದುಕೊಂಡು, ಮೆಟ್ಟಿಲ ಮೇಲೆ ಅಡ್ಡಡ್ಡಲಾಗಿ ಕಾಲಿಡುತ್ತಾ ಕೆಳಗಿನ ಲಾಂಡ್ರಿ ರೂಮಿಗೆ ಹೋದೆ. ಅಲ್ಲಿ ಬೆಂಚಿನ ಮೇಲೆ ಕುಕ್ಕರಿಸಿ "ಅಯ್ಯೋ ಶಿವನೆ" ಅಂದೆ. ಬಟ್ಟೆ ಮಡಚುತ್ತಿದ್ದ ಎತ್ತರದ ಹೆಂಗಸೊಬ್ಬರು ತಿರುಗಿದರು. ತಲೆಯ ಮೇಲೆ ಸೆರಗು, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ.

"ಯಾವೂರಾಕಿ ನೀ?"

"ಮದ್ದೂರು ಕಡೆಯವಳು ಕಣಮ್ಮ. ಮಂಡಿ ಹಿಡ್ಕೊಂಬುಟ್ಟದೆ."

"ಹಿಡಕೊಂಡಿಲ್ಲ. ನಿನ್ನ ತೊಡಿ ಕೆಲಸ ಬಿಟ್ಟು ಕುಂತೈತಿ, ಅದರ ಭಾರ ಎಲ್ಲಾ ಮಣಕಾಲ ಹೊರಾಕತ್ತೈತಿ. ನಾಳೆ ಹತ್ತು ಗಂಟೆಕ್ಕ ನಮ್ಮ ಮನಿಗೆ ಬಾ. ಒಂದು ಟವೆಲ್ ತಗೊಂಡು ಬಾ."

ಅವರು ಬಿಜಾಪುರದ ಕಡೆ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ನಮ್ಮ ಕೆಳಗಿನ ಮನೆಯಲ್ಲೇ ಮಗ ಸೊಸೆಯ ಜೊತೆ ಇದ್ದರು. ನಾನು ಅವರನ್ನು ಟೀಚರಮ್ಮ ಅಂತಲೇ ಕರೆದೆ.

ಶುರುವಿನಲ್ಲಿ ಕಲಿಸಿದ್ದು ನೋಡಿ ನನಗೆ ನಗು ಬಂತು. ಕಾಲು ಚಾಚಿ ಕೂರುವುದು, ಟವೆಲ್ ಸುತ್ತಿ ಮಂಡಿಯ ಕೆಳಗಿಟ್ಟುಕೊಳ್ಳುವುದು, ಮಂಡಿಯಿಂದ ಅದನ್ನು ಒತ್ತಿ ಹತ್ತು ಎಣಿಸುವ ತನಕ ಬಿಗಿ ಹಿಡಿಯುವುದು. ಅಷ್ಟೆ. ಆಮೇಲೆ ಅಂಗಾತ ಮಲಗಿ, ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಎತ್ತಿ ನಿಧಾನ ಇಳಿಸುವುದು. ಎರಡು ವಾರದ ಮೇಲೆ ಕುರ್ಚಿ. ಕೈ ಎದೆಗೆ ಕಟ್ಟಿಕೊಂಡು ಏಳಬೇಕು, ಅದಕ್ಕಿಂತ ನಿಧಾನವಾಗಿ ಕೂರಬೇಕು.

"ಏಳೂದು ದೊಡ್ಡದಲ್ಲ. ದೊಪ್ಪಂತ ಬೀಳದಂಗ ಕುಂಡ್ರೂದು ಕಲಿ," ಅನ್ನುತ್ತಿದ್ದರು. ತೊಡೆ ದಣಿದು ನಡುಗಿದರೆ ಸರಿ, ಮಂಡಿಯೊಳಗೆ ಚುಚ್ಚಿದರೆ ನಿಲ್ಲಿಸಬೇಕು. ಮಾಡಿದೆ ಅಂತ ಸುಳ್ಳು ಹೇಳುವ ಹಾಗಿರಲಿಲ್ಲ. ತೊಡೆಯ ಮೇಲೆ ಅಂಗೈಯಿಟ್ಟು ಒತ್ತಿ ನೋಡುತ್ತಿದ್ದರು. "ನಿನ್ನೆ ನೀ ಮಾಡಿಲ್ಲ. ಟಿವಿ ನೋಡೀದಿ," ಅಂದರೆ ಅದು ನಿಜವಾಗಿರುತ್ತಿತ್ತು.

ನನಗೆ ಮಾತ್ರ ಅವಸರ. ಮಗುವಿಗೆ ಆಗಲೇ ಮೂರು ತಿಂಗಳು, ಕೈಕಾಲು ಬಡಿಯುತ್ತಿತ್ತು. ಅದು ನನ್ನ ಕಾಲ ಮೇಲೆ ಹಿಡಿಸುವ ದಿನಗಳು ಮುಗಿಯುತ್ತಾ ಬಂದಿದ್ದವು. ಒಂದು ಸಲವಾದರೂ ನೀರು ಹಾಕದೆ ಊರಿಗೆ ಹೋಗುವುದು ಹೇಗೆ? ರಾಗಿ ಬೀಸಿದವಳು ನಾನು, ಹತ್ತು ಮಾಡಿದರೆ ಇಷ್ಟು ಬಲ ಬರುವುದಾದರೆ ನೂರು ಮಾಡಿದರೆ ನಾಳೆಗೇ ಬರುತ್ತದೆ ಅಂದುಕೊಂಡೆ. ಒಂದು ಮಧ್ಯಾಹ್ನ ಮಗಳು ಮಲಗಿದ್ದಾಗ ಕುರ್ಚಿಯಲ್ಲಿ ನೂರು ಸಲ ಎದ್ದು ಕೂತೆ. ಮಾರನೆಯ ಬೆಳಿಗ್ಗೆ ಮಂಡಿ ತೆಂಗಿನಕಾಯಿಯ ಹಾಗೆ ಊದಿತ್ತು. ಸಾಕಪ್ಪ ಇದರ ಸಹವಾಸ ಅಂತ ಟವೆಲನ್ನು ಬಚ್ಚಲಿಗೆ ಎಸೆದುಬಿಟ್ಟೆ.

ಮೂರು ದಿನ ಹೋಗದೆ ಇದ್ದಾಗ ಟೀಚರಮ್ಮ ತಾವೇ ಮೆಟ್ಟಿಲು ಹತ್ತಿ ಬಂದರು. ನಾನು ನಡೆದದ್ದು ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ, ನನ್ನ ಮಂಡಿಯ ಮೇಲೆ ಐಸು ಇಟ್ಟು, ಎದುರಿಗೆ ಕಾರ್ಪೆಟ್ಟಿನ ಮೇಲೆ ನಿಂತರು. ನಿಧಾನವಾಗಿ ಮಂಡಿಯೂರಿ, ಹಣೆಯನ್ನು ನೆಲಕ್ಕೆ ತಾಗಿಸಿ, ಏನನ್ನೂ ಹಿಡಿಯದೆ ಎದ್ದರು.

"ಎರಡು ವರ್ಷ ಕುರ್ಚಿ ಮ್ಯಾಲೆ ಕುಂತು ನಮಾಜ್ ಮಾಡೀನಿ," ಅಂದರು. "ದೇವರಿಗೇನು, ಅವ ಕುರ್ಚಿನೂ ಒಪ್ಪತಾನ. ನನಗ ಸಮಾಧಾನ ಇರಲಿಲ್ಲ. ಇಲ್ಲಿ ದವಾಖಾನಿಯೊಳಗ ಒಬ್ಬಾಕಿ ಹುಡುಗಿ ಇದನ್ನೆಲ್ಲಾ ಕಲಿಸಿದಳು. ಏಳು ತಿಂಗಳು ಹಿಡೀತು. ನಾನು ಊರಾಗ ಹುಡುಗ್ಯಾರನ್ನ ಓಡಿಸಿದಾಕಿ, ನನಗ ಏಳು ತಿಂಗಳು. ನಿನಗ ಒಂದ ಮಧ್ಯಾಹ್ನದಾಗ ಬೇಕೇನು?"

ಅವರು ಐಸನ್ನು ನನ್ನ ಮಂಡಿಯ ಇನ್ನೊಂದು ಬದಿಗೆ ಸರಿಸಿದರು.

"ನನಗ ಹಣಿ ಹಚ್ಚೂದಿತ್ತು, ನಿನಗ ಕೂಸಿಗೆ ನೀರು ಹಾಕೂದೈತಿ. ಇಬ್ಬರಿಗೂ ನೆಲಾನ ಬೇಕು. ಈ ಕೂಸಿಗೆ ಆಗದಿದ್ದರ ಮುಂದಿನ ಕೂಸಿಗೆ."

"ಮುಂದಿಂದು ಆಯ್ತದೋ ಇಲ್ವೋ ಯಾರ್ಗೊತ್ತು ಟೀಚರಮ್ಮ?"

"ಅದು ನಿನ್ನ ಮಗಳ ಕೆಲಸ. ತೊಡಿ ನಿನ್ನ ಕೆಲಸ."

ಒಳಗಿನ ಕೋಣೆಯಲ್ಲಿ ಮಗಳು ನಕ್ಕದ್ದು ನನಗೆ ಕೇಳಿಸಿತು. ತೊಟ್ಟಿಯಲ್ಲಿ ಬಿದ್ದ ದಿನದಿಂದ ಅವಳು ನನ್ನ ಮುಂದೆ ಹಾಗೆ ನಕ್ಕಿರಲಿಲ್ಲ. ಬಚ್ಚಲಿನಿಂದ ಟವೆಲನ್ನು ಅವಳೇ ತಂದುಕೊಟ್ಟಳು.

ಆ ಮಗುವಿಗೆ ನೀರು ಹಾಕಲು ಕೊನೆಗೂ ಆಗಲಿಲ್ಲ. ಆರು ತಿಂಗಳು ಮುಗಿದು ಹೊರಡುವಾಗ ಮೆಟ್ಟಿಲನ್ನು ನೆಟ್ಟಗೆ ಇಳಿಯುತ್ತಿದ್ದೆ, ಅಷ್ಟು ಬಂದಿತ್ತು. ಟೀಚರಮ್ಮ ಈ ಚೀಲ ತಂದು ಕೈಯಲ್ಲಿಟ್ಟರು. ಪಾದದ ಮೇಲೆ ಕಟ್ಟಿಕೊಂಡು ಕಾಲೆತ್ತಬೇಕು ಅಂದರು. ಊರಿನಿಂದ ರೊಟ್ಟಿಗೆಂದು ತಂದಿದ್ದ ಜೋಳವನ್ನೇ ಹುರಿದು ತುಂಬಿದ್ದರು. "ಹುರದೀನಿ, ಹುಳ ಹತ್ತೂದಿಲ್ಲ. ಜ್ವಾಳ ಐತಿ, ನಿಮ್ಮ ರಾಗಿ ಅಲ್ಲ, ಅದಕ್ಕ ಶಕ್ತಿ ಬರತೈತಿ," ಅಂದರು. ನಾನು ಬಿಡಲಿಲ್ಲ. "ರಾಗಿ ತುಂಬಿದ್ರೆ ಇಷ್ಟೊತ್ಗೆ ಓಡ್ತಿದ್ದೆ," ಅಂದೆ. ಇಬ್ಬರೂ ನಕ್ಕೆವು. ಅದೇ ಅವರನ್ನು ಕೊನೆಗೆ ನೋಡಿದ್ದು...

ಊರಿನಲ್ಲಿ ದಿನಾ ಮಾಡಿದೆ. ನೆಂಟರು ನಕ್ಕರು, ಮಾಡಿದೆ. ಜ್ವರ ಬಂದಾಗ ಬಿಟ್ಟೆ, ಮತ್ತೆ ಹತ್ತರಿಂದ ಶುರು ಮಾಡಿದೆ. ಎರಡನೇ ವರ್ಷದ ಹೊತ್ತಿಗೆ ಮಣೆಯ ಮೇಲೆ ಕೂತು ಏಳುವುದು ಬಂತು. ಈ ಸಲ ಇಲ್ಲಿಗೆ ಬರುವಾಗ ಏರ್‌ಪೋರ್ಟಿನಲ್ಲಿ ಚೀಲವನ್ನು ಎತ್ತಿ ಹಿಡಿದು ಇದೇನು ಅಂತ ಕೇಳಿದರು. ಭಾಷೆ ಬಾರದೆ ನಾನು ಅದನ್ನು ಕಾಲಿಗೆ ಕಟ್ಟಿಕೊಂಡು ಎತ್ತಿ ತೋರಿಸಿದೆ. ನಕ್ಕು ಬಿಟ್ಟುಕೊಟ್ಟರು.

ಇದನ್ನು ಟೀಚರಮ್ಮನಿಗೆ ಹೇಳಬೇಕು ಅಂತ ಬಂದ ದಿನವೇ ಕೆಳಗಿನ ಮನೆಯ ಬಾಗಿಲು ತಟ್ಟಿದೆ. ಗುರುತಿಲ್ಲದವರು ತೆಗೆದರು. ತನ್ನ ಓಡಾಟದಲ್ಲಿ ಮಗಳೂ ಅದನ್ನು ಗಮನಿಸಿರಲಿಲ್ಲ. ಮಗಳು ಯಾರಯಾರನ್ನೋ ಕೇಳಿ, ಇದೇ ಊರಿನ ಬೆರ್ರಿಯೆಸಾ ಕಡೆಗೆ ಮನೆ ಬದಲಾಯಿಸಿದ್ದ ಅವರ ಸೊಸೆಯ ನಂಬರು ಹುಡುಕಿದಳು.

"ಅತ್ತಿ ತೀರಿಹೋಗಿ ಎಂಟು ತಿಂಗಳಾತ್ರಿ," ಅಂದಿತು ಆ ಕಡೆಯ ದನಿ.

ಬಾಯಿಗೆ ಬಂದದ್ದನ್ನೇ ಕೇಳಿದೆ. "ಅವರ ಮಂಡಿ ಹೆಂಗಿತ್ತವ್ವ?"

"ಕಡೀ ವಾರದ ತನಕ ನೆಲದ ಮ್ಯಾಲೇನ ನಮಾಜ್ ಮಾಡಿದ್ರು ಅಮ್ಮಾರ. ಯಾರೂ ಕೈ ಹಿಡಿದಿಲ್ಲ."

ಅಳು ಬಂತು, ಎದೆಯ ಮೇಲಿನ ಕಲ್ಲು ಇಳಿದಂತೆಯೂ ಆಯಿತು. ಅವರಿಗೆ ಬೇಕಾದದ್ದು ಕೊನೆಯ ತನಕ ಅವರಿಗೆ ಸಿಕ್ಕಿತ್ತು.

ಇವತ್ತು ಬೆಳಿಗ್ಗೆ ಮಗಳೇ, "ಹೊಕ್ಕಳಬಳ್ಳಿ ಬಿದ್ದಿದೆ, ನೀನೇ ಹಾಕು ಅಮ್ಮ," ಅಂದಳು. ನಾನು ಕೇಳಿರಲಿಲ್ಲ. ತೊಟ್ಟಿಯೊಳಗೆ ಇಳಿದು ಮನಸ್ಸಿನಲ್ಲೇ ಎಣಿಸುತ್ತಾ ಕೂತೆ, ಬೀಳಲಿಲ್ಲ, ಕೂತೆ. ಕಾಲು ಚಾಚಿದೆ. ಅವಳು ಮಗುವನ್ನು ನನ್ನ ಕಾಲ ಮೇಲೆ ಮಲಗಿಸಿದಳು. ಮೊದಲ ಚೊಂಬಿಗೆ ಕಿರುಚಿದ ಮಗು ಎರಡನೆಯದಕ್ಕೆ ಕಣ್ಣು ಮುಚ್ಚಿತು. ನಾನು ಏಳುವಾಗ ಮಗಳು ಕೈ ಚಾಚಿದ್ದಳು. ನಾನು ಹಿಡಿಯಲಿಲ್ಲ. ಅವಳು ಒದ್ದೆ ಕಣ್ಣಲ್ಲಿ ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಸಂಜೆ ಎಲ್ಲರೂ ನೆಲದ ಮೇಲೆ ಚಾದರ ಹಾಸಿ ಊಟಕ್ಕೆ ಕೂತೆವು. ಅಳಿಯನ ಕಂಪನಿ ಹೋದ ತಿಂಗಳು ಬಾಗಿಲು ಹಾಕಿತು, ಅವನೂ ಮನೆಯಲ್ಲೇ ಇದ್ದಾನೆ. ಆ ಚಿಂತೆ ನಾಳೆ ಇದ್ದೇ ಇರುತ್ತದೆ. ಇವತ್ತು ಮುದ್ದೆ, ಬಸ್ಸಾರು, ಮಗಳಿಗೆ ಬೆಳ್ಳುಳ್ಳಿ ಸಾರು. ಎಲ್ಲರ ಬಾಯೂ ಒಟ್ಟಿಗೆ ಆಡುತ್ತಿತ್ತು. ತುಪ್ಪ ಒಳಗೇ ಉಳಿದಿತ್ತು. ಅಳಿಯ ಏಳಲು ಹೋದ, ನಾನು ಬೇಡ ಅಂದೆ. ಏಳಲೆಂದು ನಾನು ಎಡಗೈಯನ್ನು ಎದೆಗೆ ಒತ್ತಿ ಹಿಡಿದದ್ದು ನೋಡಿ ದೊಡ್ಡ ಮೊಮ್ಮಗಳು, ವಾರದಿಂದ ನನ್ನ ಜೊತೆ ಎಣಿಸಿ ಕಲಿತವಳು, "ಅಜ್ಜಿ, ರೆಡಿ? ಒಂದು... ಎರಡು..." ಅಂದಳು. ಅವಳಿಗೆ ಗೊತ್ತಿಲ್ಲ, ಆ ರಾಗ ಟೀಚರಮ್ಮನದು.

ಮೂರಕ್ಕೆ ಎದ್ದೆ. ತುಪ್ಪ ತಂದು ಎಲ್ಲರಿಗೂ ಬಡಿಸಿ, ಮತ್ತೆ ಅವರ ನಡುವೆ ನಿಧಾನವಾಗಿ ಕೂತು ಊಟ ಮಾಡಿದೆ.