ಜೈನಾಪುರದ ಜೀಪು

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಘರ್ಷಣೆ ಎಂದರೇನು, ಚಕ್ರ ಏಕೆ ಉರುಳುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುವುದರಲ್ಲೇ ಅರ್ಧ ಆಯುಷ್ಯ ಕಳೆದಿದೆ. ಇಷ್ಟು ತಿಳಿದವನಿಗೆ ಒಂದು ಹಳೆಯ ಜೀಪನ್ನು ಕೈಯಾರೆ ಸರಿಮಾಡುವುದು ಏನು ಮಹಾ ಎಂದುಕೊಂಡೆ.

ಜೀಪು ಸಿಕ್ಕಿದ್ದು ಬಬಲೇಶ್ವರದ ಹತ್ತಿರದ ಜೈನಾಪುರದಲ್ಲಿ, ಒಂದು ತೋಟದ ತಗಡಿನ ಶೆಡ್ಡಿನಲ್ಲಿ. ನಾಲ್ಕೂ ಗಾಲಿಗಳಿಗೆ ಎಂಜಿನ್ ಬಲ ಹೋಗುವ, ಕಾಡು ಮೇಡು ಹತ್ತುವ ಹಳೆಯ ಗಟ್ಟಿ ಗಾಡಿ. ಬಾನೆಟ್ಟಿನ ಮೇಲೆ ಆಡು ಮಲಗಿತ್ತು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ತೋಟದ ಯಜಮಾನಿ ಎಪ್ಪತ್ತು ದಾಟಿದ ಆಯಿ. ಗಂಡ ತೀರಿಕೊಂಡ ಮೇಲೆ ಗಾಡಿಯನ್ನು ಯಾರೂ ಮುಟ್ಟಿಲ್ಲ ಎಂದು ಅವರ ಮಗ ಹೇಳಿದ. ಮಾರುತ್ತೀರಾ ಎಂದು ಕೇಳಿದೆ. ಆಯಿ ನನ್ನ ಇಸ್ತ್ರಿ ಅಂಗಿಯನ್ನೂ ಮೆತ್ತನೆಯ ಕೈಗಳನ್ನೂ ನೋಡಿದರು.

"ಒಯ್ಯಪಾ. ಖರೆ ಕೋಳಿ ಮರಿ ಮಾಡೂತನ ತಡಿ. ಅದರದೂ ಒಂದ್ ಸಂಸಾರ ಐತಿ."

ಹೀಗೆ ಕೋಳಿಯ ಬಾಣಂತನ ಮುಗಿಯುವವರೆಗೆ ಕಾದು, ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ತಿಕೋಟಾಕ್ಕೆ ಸಾಗಿಸಿದೆ. ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಹಿರಿಯ ಮಿಸ್ತ್ರಿಯೊಬ್ಬರು ತಮ್ಮ ಶೆಡ್ಡಿನಲ್ಲಿ ಒಂದು ಮೂಲೆ ಕೊಟ್ಟರು. ಪ್ರತಿ ಭಾನುವಾರ ವಿಜಯಪುರದಿಂದ ಬಸ್ಸಿನಲ್ಲಿ ಹೋಗಿ, ಮೊಬೈಲಿನಲ್ಲಿ ವಿಡಿಯೊ ನೋಡುತ್ತ ನಟ್ಟು ಬಿಚ್ಚುವ ಪಾನಾ ಹಿಡಿದು ಕೂರುತ್ತಿದ್ದೆ. ಒಂದು ಭಾನುವಾರ ಕಾರ್ಬ್ಯುರೇಟರ್ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದೆ. ತಾಟಿನಲ್ಲಿ ಮೂರು ಸಾಮಾನು ಉಳಿದವು.

"ಸರ, ಇವು ಉಳದಾವಲ್ರಿ?" ಎಂದರು ಮಿಸ್ತ್ರಿ.

"ಕಂಪನಿಯವರು ಹೆಚ್ಚಿಗೆ ಹಾಕಿರಬೇಕ್ರಿ."

ಅವರು ಆ ಮೂರನ್ನೂ ಎತ್ತಿ ಜೇಬಿಗೆ ಹಾಕಿಕೊಂಡರು. "ಸರ, ನೀವು ಚಾ ಕುಡದ ಬರ್ರಿ."

ಅಂದಿನಿಂದ ಕಠಿಣ ಕೆಲಸ ಬಂದಾಗಲೆಲ್ಲ ನನ್ನನ್ನು ಚಹಾಕ್ಕೆ ಕಳಿಸುವುದು ರೂಢಿಯಾಯಿತು. ಜೀಪಿನ ಮುಖ್ಯ ಭಾಗಗಳೆಲ್ಲ ಸರಿಯಾದದ್ದು ನಾನು ಚಹಾ ಕುಡಿಯುತ್ತಿದ್ದಾಗಲೇ.

ಬಣ್ಣ ಹಚ್ಚುವ ಕೆಲಸವನ್ನು ಮಾತ್ರ ನನಗೆ ಬಿಟ್ಟರು. ಎಂಜಿನ್ ಬಲವನ್ನು ಮುಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಶಾಫ್ಟನ್ನು ಬಿಚ್ಚಿಕೊಟ್ಟು, ಮನೆಗೆ ಒಯ್ದು ತುಕ್ಕು ತಿಕ್ಕಿ ತರಲು ಹೇಳಿದರು. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿರುವ ನಮ್ಮ ಮನೆಯ ಮಾಳಿಗೆಯ ಮೇಲೆ ಅದನ್ನು ತಿಕ್ಕಿ, ಕಪ್ಪು ಬಣ್ಣ ಹಚ್ಚಿ, ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿ ಮಂಚದ ಕೆಳಗಿಟ್ಟೆ. ಅಷ್ಟರಲ್ಲಿ ಪರೀಕ್ಷೆ, ಪೇಪರು ತಿದ್ದುವುದು ಬಂದು ಅದನ್ನು ಪೂರ್ತಿ ಮರೆತೆ.

ಆಮೇಲೊಂದು ಭಾನುವಾರ ತಿಕೋಟಾಕ್ಕೆ ಹೋದರೆ ಮಿಸ್ತ್ರಿ ಮದುವೆಗೆಂದು ಬೇರೆ ಊರಿಗೆ ಹೋಗಿದ್ದರು. ಜೀಪು ಮಾತ್ರ ಶೆಡ್ಡಿನ ಮುಂದೆ ಹೊಳೆಯುತ್ತ ನಿಂತಿತ್ತು. ಕೀಲಿ ತಿರುಗಿಸಿದೆ, ಚಾಲೂ ಆಯಿತು. ನನಗೆ ತಡೆಯಲಾಗಲಿಲ್ಲ. ಹಿಂದಿನ ಗಾಲಿಗಳ ಬಲದಲ್ಲೇ ಗಾಡಿ ಡಾಂಬರು ರಸ್ತೆಯ ಮೇಲೆ ಚೆನ್ನಾಗಿ ಓಡಿದ್ದರಿಂದ ಅನುಮಾನವೂ ಬರಲಿಲ್ಲ. ಗೋಳಗುಮ್ಮಟದ ಮುಂದೆ ನಿಲ್ಲಿಸಿ, ಬಂಪರಿನ ಮೇಲೆ ಒಂದು ಕಾಲಿಟ್ಟು, ನೋಡಲು ಬಂದ ಪ್ರವಾಸಿಗರಿಂದಲೇ ನನ್ನ ಫೋಟೊ ತೆಗೆಸಿಕೊಂಡೆ. ಅಲ್ಲಿಂದ ಆಯಿಗೆ ತೋರಿಸಲು ಹೊರಟೆ.

ಹಿಂದಿನ ದಿನ ಜೈನಾಪುರದಲ್ಲಿ ಮಳೆಯಾಗಿ ಕಪ್ಪು ಎರೆಮಣ್ಣು ಅಂಟಂಟಾಗಿತ್ತು. ತೋಟದ ದಾರಿಯ ತುದಿಯಲ್ಲಿ ಆಯಿಯ ಮಗ ನಿಂತಿದ್ದ.

"ಸರ, ಇಲ್ಲೇ ನಿಲ್ಲಸ್ರಿ. ಎರಿಮಣ್ಣ ಐತಿ, ಗಾಡಿ ಹುಗೀತೈತಿ."

"ನಾಕೂ ಗಾಲಿ ಎಳಿಯೂ ಗಾಡಿರಿ ಇದು," ಎಂದು ನಕ್ಕು ಮುಂದೆ ಬಿಟ್ಟೆ.

ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಜೀಪು ಹೂತುಹೋಯಿತು. ಗಂಭೀರವಾಗಿ, ಮುಂದಿನ ಗಾಲಿಗಳಿಗೂ ಬಲ ಕೊಡುವ ಲಿವರ್ ಎಳೆದು ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಗಾಲಿಗಳು ಗರಗರ ತಿರುಗಿ, ತಳ್ಳಲು ಬಂದಿದ್ದ ಅವನ ಮೈತುಂಬ ಕೆಸರು ಎರಚಿದವು. ಇಳಿದು, ಘರ್ಷಣೆ ಕಡಿಮೆಯಾದಾಗ ಹೀಗಾಗುವುದು ಸಹಜ ಎಂದು ಅವನಿಗೆ ವಿವರಿಸತೊಡಗಿದೆ. ಅವನು ಮುಖ ಒರೆಸಿಕೊಂಡು ಬಗ್ಗಿ ಗಾಡಿಯ ಕೆಳಗೆ ನೋಡಿದ.

"ಸರ, ಮುಂದಿನ ಗಾಲಿಗಿ ಒಂದ್ ಉದ್ದನ್ನ ರಾಡ್ ಇರತೈತಲ್ರಿ, ಅದೆಲ್ಲೈತಿ?"

ನಾನು ಪಾಠ ನಿಲ್ಲಿಸಿದೆ. "ಮನ್ಯಾಗೈತ್ರಿ. ಮಂಚದ ಬುಡಕ."

ಅಷ್ಟರಲ್ಲಿ ಆಯಿ ಬಂದರು. ಹಿಡಿತ ಸಿಗಲೆಂದು ಮಗನಿಂದ ಹಿಂದಿನ ಗಾಲಿಗಳ ಗಾಳಿ ಸ್ವಲ್ಪ ಬಿಡಿಸಿದರು. ಜೋಳದ ಒಣ ದಂಟು, ಕಣಿಕೆ ತರಿಸಿ ಗಾಲಿಗಳ ಬುಡಕ್ಕೆ ಹಾಸಿಸಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿ, ಹಿಡಿಕೆ ಹಿಡಿದು ಹತ್ತಿ ಸ್ಟೇರಿಂಗಿನ ಮುಂದೆ ಕೂತರು. ನಾನು "ಆಯಿ, ಬ್ಯಾಡ್ರಿ" ಎನ್ನುವುದರೊಳಗೆ ಎರಡನೇ ಗೇರು ಬಿತ್ತು. ಎಂಜಿನ್ ಸದ್ದು ಏರಲೇ ಇಲ್ಲ. ಜೀಪು ಎಮ್ಮೆಯ ಹಾಗೆ ಮೆಲ್ಲಗೆ ಕೆಸರಿನಿಂದ ಎದ್ದು ಗಟ್ಟಿ ನೆಲಕ್ಕೆ ಬಂದು ನಿಂತಿತು.

ನನಗಿಂತ ಹೆಚ್ಚು ದಂಗಾದವನು ಮಗ. "ಯವ್ವಾ! ನಿನಗ ಗಾಡಿ ಹೊಡ್ಯಾಕ ಬರತೈತೇನ ಬೇ?"

"ನಿಮ್ಮಪ್ಪಗ ಹೊತ್ತ ಮುಣಗಿದ್ರ ಕಣ್ಣ ಕಾಣ್ತಿದ್ದಿಲ್ಲ. ಬಬಲೇಶ್ವರದಿಂದ ನಾನ ಹೊಡಕೊಂಡ ಬರತಿದ್ದೆ. ಊರ ಬಂತಂದ್ರ ಇಬ್ರೂ ಜಾಗಾ ಬದಲ ಮಾಡತಿದ್ವಿ. ಮಂದಿ ಆಡಕೋಬಾರದಂತ. ನೀ ಆವಾಗ ಸಾಲಿ ಕಲ್ಯಾಕ ಹಾಸ್ಟೆಲ್‌ನ್ಯಾಗ ಇದ್ದಿ."

"ನನಗರೆ ಹೇಳಬಾರದೇನು?"

"ಅವರು ಇರೂತನ ಹೇಳಬಾರದಿತ್ತು. ಹ್ವಾದಮ್ಯಾಗ ಹೇಳೂದು ನೆಪ್ಪಾಗಲಿಲ್ಲ."

ಹೇಳುವಾಗ ಅವರ ಕೈ ಸ್ಟೇರಿಂಗ್ ಬಿಟ್ಟಿರಲಿಲ್ಲ. ಇಷ್ಟು ದಿನ ಅವರನ್ನು ಗುಜರಿ ಮಾರಿದ ಮುದುಕಿ ಎಂದಷ್ಟೇ ತಿಳಿದಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು. ತೋಟದಲ್ಲಿದ್ದ ಗಾಳಿ ಪಂಪಿನಿಂದ ಮಗ ಗಾಲಿಗೆ ಗಾಳಿ ತುಂಬಿದ ಮೇಲೆ, "ಆಯಿ, ಬಬಲೇಶ್ವರತನ ಹೊಡೀತೀರೇನ್ರಿ?" ಎಂದೆ. ಅವರು ಗೇರು ಹಾಕಿದರು. ನಾನು ಓಡಿ ಹೋಗಿ ಪಕ್ಕದಲ್ಲಿ ಕೂತೆ.

ಬಬಲೇಶ್ವರದ ಮೊದಲ ಮನೆಗಳು ಕಂಡಾಗ ಜೀಪು ತಾನಾಗಿ ನಿಧಾನವಾಯಿತು. ಆಯಿ ಪಕ್ಕಕ್ಕೆ ತೆಗೆದು ನಿಲ್ಲಿಸಿದರು. ಜಾಗ ಬದಲಿಸಲು ನಾನು ಇಳಿಯಹೋದೆ.

"ಕೂಡ್ರು ತಮ್ಮಾ. ಈಗ ಯಾರಿಗಂಜೂದೈತಿ?" ಎಂದು ನಕ್ಕು, ಸೀದಾ ಬಜಾರಿನ ನಡುವೆ ಹೊಡೆದರು. ಚಹಾ ಅಂಗಡಿಯ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು.

ಶಾಫ್ಟು ಈಗ ಜಾಗಕ್ಕೆ ಬಂದಿದೆ. ಅದನ್ನು ಕೂರಿಸುವಾಗಲೂ ಮಿಸ್ತ್ರಿ ನನ್ನನ್ನು ಚಹಾಕ್ಕೆ ಕಳಿಸಿದರು. ಮಳೆ ಬಿದ್ದ ಮರುದಿನ ರಜೆಯಿದ್ದರೆ ಎರಿಮಣ್ಣಿನಲ್ಲಿ ಗಾಡಿ ಹೊಡೆಯುವುದನ್ನು ಕಲಿಯಲು ಆಯಿಯ ಹತ್ತಿರ ಹೋಗುತ್ತೇನೆ. ಹೋದ ಸಲ ಕ್ಲಚ್ ಬೇಗ ಬಿಟ್ಟು ಬದನೆಯ ಒಂದು ಸಾಲನ್ನೇ ಮಲಗಿಸಿದೆ. ಆಯಿ ಮುರಿದ ಗಿಡಗಳಿಂದ ಕಾಯಿ ಆರಿಸಿ ಚೀಲಕ್ಕೆ ತುಂಬಿ ನನ್ನ ಕೈಗೆ ಕೊಟ್ಟರು. ಆ ವಾರ ನಮ್ಮ ಮನೆಯಲ್ಲಿ ಮೂರು ದಿನ ಎಣಗಾಯಿ ಪಲ್ಯ.