ತಮ್ಮನ ಎದೆಯೊಳಗಿನ ಬಿಳಿ ಚುಕ್ಕೆ

…ಅಥವಾ ಅಂಗಿಗಳನ್ನು ಹಿಡಿದುಕೊಂಡು ಕೆರೆ ಏರಿಯ ಮೇಲೆ ನಿಂತಿದ್ದವಳು ನಾನೇ ಅಲ್ಲವೇನೋ. ಅಮ್ಮ ಹೇಳಿ ಹೇಳಿ ನನ್ನದಾಗಿಬಿಟ್ಟ ನೆನಪೂ ಇರಬಹುದು. ಅಪ್ಪ ನಮ್ಮೂರ ಕೆರೆಯ ನೀರಗಂಟಿ. ಗದ್ದೆಗೆ ನೀರು ಬಿಡುವ ದಿನ ಉಸಿರು ಬಿಗಿಹಿಡಿದು ಮುಳುಗಿ, ತಳದಲ್ಲಿರುವ ತೂಬಿನ ಬಾಯಿ ತೆಗೆಯುವುದು ಅವರ ಕೆಲಸ. ಅದನ್ನು ತಮ್ಮನಿಗೆ ಕಲಿಸಿದರು. ನನ್ನ ಕೈಗೆ ಇಬ್ಬರ ಅಂಗಿ ಕೊಟ್ಟು, "ಎಣಿಸ್ತಾ ಇರು ಮಗಾ, ನೂರಾದ್ರೆ ಕೂಗು" ಅನ್ನುತ್ತಿದ್ದರು. ದನದ ತೊಟ್ಟಿಯಲ್ಲಿ ಮುಖ ಮುಳುಗಿಸಿ ಹೆಚ್ಚು ಹೊತ್ತು ಉಸಿರು ಹಿಡಿದವಳು ನಾನು. ಅವನನ್ನು ಕೇಳಿದರೆ ತಾನೇ ಅನ್ನುತ್ತಾನೆ. ಸಾಕ್ಷಿಗೆ ಇದ್ದದ್ದು ಎರಡು ಎಮ್ಮೆ.

ಈಗ ಅವನು ಸಮುದ್ರದಲ್ಲಿ ಹಡಗುಗಳ ತಳ ರಿಪೇರಿ ಮಾಡುವ ಡೈವರ್. ನಾನು ತರೀಕೆರೆಯ ಒಂದು ಕ್ಲಿನಿಕ್ಕಿನಲ್ಲಿ ಎಕೋ ಟೆಕ್ನಿಷಿಯನ್. ಜೆಲ್ ಹಚ್ಚಿ, ಪ್ರೋಬ್ ಒತ್ತಿ, ದಿನವಿಡೀ ಬೇರೆಯವರ ಹೃದಯ ನೋಡುತ್ತೇನೆ. ಊರಿನವರು ಸಿಕ್ಕಿದಾಗ ನನ್ನನ್ನು ಕೇಳುವುದು ಒಂದೇ: "ತಮ್ಮ ಯಾವಾಗ ಬತ್ತಾನೆ?"

ಕಳೆದ ಸಲ ಅವನು ರಜೆಗೆ ಬಂದಾಗ ತೂಬಿಗೆ ಹೂಳು, ಕಲ್ಲು ಕಟ್ಟಿಕೊಂಡಿತ್ತು. ಅಪ್ಪನಿಗೆ ಇಳಿಯುವ ಶಕ್ತಿ ಉಳಿದಿರಲಿಲ್ಲ. ಇವನು ಸಿಲಿಂಡರ್ ಕಟ್ಟಿಕೊಂಡು ಬೆಳಿಗ್ಗೆಯಿಂದ ನಾಲ್ಕು ಸಲ ಇಳಿದು ಹತ್ತಿದ. ಏರಿಯ ಮೇಲೆ ಅರ್ಧ ಊರು, ನಡುವೆ ಕುರ್ಚಿಯಲ್ಲಿ ಅಪ್ಪ. ಇದನ್ನೆಲ್ಲ ನಾನು ನೋಡಿದ್ದು ಆಮೇಲೆ, ಯಾರದೋ ಮೊಬೈಲಿನಲ್ಲಿ.

ಮಧ್ಯಾಹ್ನ ಅವನು ಅಜ್ಜಂಪುರದ ಮೇಲೆ ಬೈಕಿನಲ್ಲಿ ನನ್ನ ಕ್ಲಿನಿಕ್ಕಿಗೆ ಬಂದ.

"ಅಕ್ಕಾ, ಎಡಭುಜ ಹಿಡ್ಕೊಂಡೈತೆ. ಕಲ್ಲು ಎತ್ತಿದ್ದಕ್ಕೇ ಇರ್ಬೇಕು. ಆದ್ರೂ ನಿನ್ನ ಮಿಷನ್ನಲ್ಲಿ ನೋಡು, ರಕ್ತದಾಗೆ ಗುಳ್ಳೆ ಅವೇನೋ."

"ಗುಳ್ಳೆನಾ? ಏನ್ ಸೋಡಾ ಕುಡ್ದು ಬಂದ್ಯೇನೋ?"

"ಹೂಂ ಕಣಕ್ಕಾ, ಸೋಡಾ ಇದ್ದಂಗೇ" ಅಂದು ಅವನು ವಿವರಿಸಿದ. ನೀರಿನೊಳಗೆ ಒತ್ತಡದಲ್ಲಿ ಉಸಿರಾಡಿದ ಗಾಳಿ ಮೈಯಲ್ಲಿ ಕರಗುತ್ತದೆ. ಬೇಗ ಮೇಲೆ ಬಂದರೆ, ಮುಚ್ಚಳ ತೆಗೆದ ಬಾಟಲಿಯ ಹಾಗೆ, ರಕ್ತದಲ್ಲಿ ಗುಳ್ಳೆ ಏಳುತ್ತದೆ. ಮೇಲೆ ಬಂದ ಡೈವರುಗಳ ಎದೆಗೆ ಪ್ರೋಬ್ ಇಟ್ಟು, ಹೃದಯದ ಬಲಭಾಗದಲ್ಲಿ ಬಿಳಿ ಚುಕ್ಕೆ ಹಾದುಹೋಗುವುದನ್ನು ನೋಡುತ್ತಾರಂತೆ. ನನ್ನ ಯಂತ್ರದ ಬಗ್ಗೆ ನನಗೇ ಪಾಠ. ಅದೂ ಸರಿಯಾದ ಪಾಠ.

"ನಮ್ಮ ಕೆರೆ ಆಳಕ್ಕೆ ಏನೂ ಇರಲ್ಲ ಬಿಡು. ಗುಳ್ಳೆ ಇಲ್ಲ ಅಂತ ನೀನಂದ್ರೆ ಮೂರು ಗಂಟೆಗೆ ಮತ್ತೆ ಇಳೀತೀನಿ. ಒಂದೇ ಕಲ್ಲು ಉಳ್ದಿರೋದು. ಅಪ್ಪ ಊಟಕ್ಕೂ ಎದ್ದಿಲ್ಲ."

ಊಟಕ್ಕೂ ಎದ್ದಿಲ್ಲ. ನಾನು ಡಿಪ್ಲೊಮಾ ಪಾಸಾದ ದಿನ ಅಪ್ಪ ಊಟ ಮುಗಿಸಿ, ಕೈ ತೊಳೆದು, ಟವೆಲಿನಲ್ಲಿ ಒರೆಸಿಕೊಂಡು, ಆಮೇಲೆ ಕೇಳಿದ್ದರು: "ಏನಾಯ್ತು ನಿಂದು?"

ಭ್ರೂಣಲಿಂಗ ಪತ್ತೆ ಅಪರಾಧ ಎಂಬ ಬೋರ್ಡಿನ ಕೆಳಗೆ ಅವನು ಎಡಮಗ್ಗುಲಾಗಿ ಮಲಗಿದ. ಮೊದಲು ಏನೂ ಕಾಣಲಿಲ್ಲ. ಕೈಕಾಲು ಆಡಿಸಿದರೆ ಅಡಗಿದ ಗುಳ್ಳೆ ಹೊರಡುತ್ತವೆ ಎಂದು ಅವನೇ ಎದ್ದು ಮೂರು ಬಸ್ಕಿ ಹೊಡೆದು ಮತ್ತೆ ಮಲಗಿದ. ಆಗ ಒಂದು ಬಿಳಿ ಚುಕ್ಕೆ ಬಲಭಾಗದಲ್ಲಿ ಮಿಂಚಿ ಹೋಯಿತು. ಹೃದಯದ ಕವಾಟದ ಅಂಚು ಹೊಳೆದರೂ ಹಾಗೇ ಕಾಣುತ್ತದೆ. ಇಷ್ಟು ವರ್ಷ ಪರದೆ ನೋಡಿದವಳಿಗೆ ಅದು ಗೊತ್ತಿಲ್ಲದ್ದಲ್ಲ.

"ಐತೆ" ಅಂದೆ.

"ಆ ಆಳಕ್ಕಾ! ಎಲ್ಲಿ, ತೋರ್ಸು."

"ಹೋಯ್ತು."

"ಸೇವ್ ಮಾಡ್ಲಿಲ್ವಾ?"

ಪ್ರತಿ ರೋಗಿಗೂ ತಾನಾಗಿಯೇ ಆ ಬಟನ್ ಒತ್ತುವ ಬೆರಳು ಅವತ್ತು ಒತ್ತಿರಲಿಲ್ಲ. "ಭುಜ ಬೇರೆ ನೋಯ್ತೈತೆ. ಇಳೀಬೇಡ" ಅಂದೆ. ಅವನು ಬಹಳ ಹೊತ್ತು ನನ್ನ ಮುಖ ನೋಡಿದ, ಅಥವಾ ಗಡಿಯಾರವನ್ನೋ. ಆಮೇಲೆ ತನ್ನ ಕೆಲಸದ ಕಡೆಯ ಡಾಕ್ಟರಿಗೆ ಫೋನು ಮಾಡಿದ. ಅನುಮಾನ ಇದ್ದರೆ ಇಳಿಯಬಾರದು ಅಂದರಂತೆ.

ಮಾರನೆಯ ದಿನ ಮೀನು ಹಿಡಿಯುವವರು ಉದ್ದನೆಯ ಹಾರೆ ಹಾಕಿ ಮೀಟಿ ಆ ಕಲ್ಲು ಸರಿಸಿದರು. ಆ ರಾತ್ರಿ ಊರ ಮನೆಯಲ್ಲಿ ಮುದ್ದೆ ಬಡಿಸುತ್ತಿದ್ದ ನನ್ನತ್ತ ತಿರುಗಿ ಅಪ್ಪ, "ಅಷ್ಟೆಲ್ಲಾ ಕಲ್ತು ಬಂದು ಒಂದು ಕಲ್ಲು ತೆಗೀಲಿಲ್ವಲ್ಲೇ ನಿನ್ನ ತಮ್ಮ" ಅಂದರು. ನನಗೆ ಖುಷಿಯಾಯಿತು. ಇದರಲ್ಲಿ ಮಾತ್ರ ನೆನಪು ತಪ್ಪಿಲ್ಲ. ಪಕ್ಕದಲ್ಲೇ ಉಣ್ಣುತ್ತಿದ್ದ ತಮ್ಮ, ಅಕ್ಕ ಬೇಡ ಅಂದಳು ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಇನ್ನೊಂದು ಸೌಟು ಸಾರು ಕೇಳಿದ, ಅಷ್ಟೆ. ಅವನ ಆ ದೊಡ್ಡತನಕ್ಕೂ ನನಗೆ ಹೊಟ್ಟೆ ಉರಿಯಿತು.

ಎರಡು ದಿನದ ಮೇಲೆ ಅವನು ಕಡೂರಿನಲ್ಲಿ ರೈಲು ಹತ್ತಿದ. ಭುಜದ ನೋವು ಅಷ್ಟರಲ್ಲಿ ಹೋಗಿತ್ತು. ಕಲ್ಲು ಎತ್ತಿದ ನೋವಾಗಿದ್ದರೂ ಹೋಗುತ್ತಿತ್ತು, ಅದರಿಂದ ಏನೂ ಸಾಬೀತಾಗುವುದಿಲ್ಲ. ಆ ಚುಕ್ಕೆ ಗುಳ್ಳೆಯಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. "ಐತೆ" ಅನ್ನುವಾಗ ನನಗೆ ಅವನ ಜೀವದ ಚಿಂತೆ ಇತ್ತೋ, ಅವನಿಗಾಗಿ ಊಟ ಬಿಟ್ಟು ಅಪ್ಪ ಕೂತಿದ್ದ ಆ ಕುರ್ಚಿಯ ಚಿಂತೆ ಇತ್ತೋ, ಅದೂ ಗೊತ್ತಿಲ್ಲ.