ಹರಕೆಯ ಕೋಳಿ ಮತ್ತು ಗೋಡೆಯ ಹೆಗ್ಗಣ

ಲಗ್ಗೆರೆಯ ನಮ್ಮ ಮನೆಯ ಹಿಂದಿನ ಕೋಣೆಗೆ ಬಾಡಿಗೆಗೆ ಬಂದ ಮೇಷ್ಟ್ರ ಮೇಲೆ ನಮ್ಮ ಅತ್ತೆಗೆ ಮೊದಲಿನಿಂದಲೂ ಅನುಮಾನದ ಕಣ್ಣು. ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಅವರು ಕೋಣೆಯಲ್ಲಿ ಒಂದು ದೇವರ ಪಟವನ್ನೂ ಇಟ್ಟಿರಲಿಲ್ಲ. ಬದಲಿಗೆ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಪ್ರಾಣಿ ಬರೆದುಕೊಂಡಿದ್ದರು. ಕಾಲು ತೋಳದ್ದು, ಮೂತಿ ಹೆಗ್ಗಣದ್ದು.

ನನಗೆ ಬಾಯಿ ಸುಮ್ಮನಿರುವುದಿಲ್ಲ. ಇದೇನು ಎಂದು ಕೇಳಿಯೇಬಿಟ್ಟೆ.

"ಮುಂದೊಂದು ಕಾಲಕ್ಕೆ ಹುಲಿ, ಚಿರತೆ ಯಾವುದೂ ಇರಲ್ಲಮ್ಮ. ಆಗ ಬೇಟೆ ಆಡೋದು ಹೆಗ್ಗಣದ ವಂಶ. ಹಿಮದಲ್ಲಿದ್ರೆ ಮೈತುಂಬ ಬಿಳಿ ಕೂದಲು, ಮರಳುಗಾಡಲ್ಲಿದ್ರೆ ದೊಡ್ಡ ಕಿವಿ, ಕೆರೇಲಿದ್ರೆ ಬಾತುಕೋಳಿ ಪಾದ. ಎಲ್ಲಿ ಬಿಟ್ರೂ ಒಗ್ಗಿಕೊಳ್ಳುತ್ತೆ."

"ಪೀಣ್ಯದಲ್ಲಿ ಬಿಟ್ರೆ?"

"ಕಬ್ಬಿಣ ಕಡಿಯೋ ಹಲ್ಲು ಬರುತ್ತೆ," ಎಂದು ನಕ್ಕರು. "ಹೆದರ್ಕೋಬೇಡಿ, ಅದಕ್ಕೆಲ್ಲ ಲಕ್ಷಾಂತರ ವರ್ಷ ಬೇಕು."

ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡರು.

ಆಗ ನನ್ನ ಗಂಡ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಟೆಂಪರರಿ. ಅವರ ಕೆಲಸ ಪರ್ಮನೆಂಟ್ ಆಗಲೆಂದು ಅತ್ತೆ ಮಾರಮ್ಮನಿಗೆ ಒಂದು ಕೋಳಿ ಬಿಟ್ಟಿದ್ದರು. ಕಾಲಿಗೆ ಅರಿಶಿನದ ದಾರ ಕಟ್ಟಿದ ಹರಕೆಯ ಕೋಳಿ ಅದು, ಗದರಿಸುವಂತೆಯೂ ಇರಲಿಲ್ಲ. ನಾನು ಆರಿಸಿಟ್ಟ ಅಕ್ಕಿಯನ್ನೇ ಕೆದರಿ ತಿನ್ನುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ನೋಡಿದರೆ ರಾತ್ರಿ ಕೋಳಿಯ ಮೇಲೆ ಮುಚ್ಚಿಟ್ಟ ಮಕ್ಕರಿ ಮಗುಚಿ ಬಿದ್ದಿತ್ತು, ಕೋಳಿ ಇರಲಿಲ್ಲ. ಮೇಷ್ಟ್ರ ಕೋಣೆಯಿಂದ ಮಸಾಲೆ ಹುರಿಯುವ ವಾಸನೆ ಬರುತ್ತಿತ್ತು. ನನಗೂ ಅನುಮಾನ ಬಂದು ಹೋಗಿ ಪಾತ್ರೆಗೆ ಇಣುಕಿದೆ. ಮೊಟ್ಟೆ ಸಾರು.

"ಹೆಗ್ಗಣ ಹಿಡಿದಿರಬೇಕು," ಎಂದರು ಮೇಷ್ಟ್ರು.

"ಲಕ್ಸಾಂತ್ರ ವರ್ಸ ಬೇಕು ಅಂದೋರು ನೀವೇ ತಾನೆ?" ಎಂದರು ಅತ್ತೆ. "ಇವತ್ತೇ ಎಂಗ್ ಬಂತು ಆ ಎಗ್ಗಣ?"



ನಮ್ಮಲ್ಲಿ ಇಂಥದ್ದಕ್ಕೆಲ್ಲ ಒಂದೇ ದಾರಿ, ಗುಡಿಯ ಮುಂದೆ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡುವುದು. ಆಮೇಲೆ ಯಾರೂ ಆ ಮಾತು ಎತ್ತಬಾರದು. ಮೇಷ್ಟ್ರು ಒಪ್ಪಿದರು. ಒಪ್ಪದೆ ಏನು ಮಾಡಿಯಾರು? ಬಾಣಂತನ ಮುಗಿಸಿದ ಹೆಂಡತಿ ಕೂಸನ್ನು ಎತ್ತಿಕೊಂಡು ಬರುವುದರಲ್ಲಿದ್ದರು. ತೊಲೆಗೆ ಆಗಲೇ ತೊಟ್ಟಿಲು ಕಟ್ಟಿಯಾಗಿತ್ತು. ಕೂಸಿರುವ ಸಂಸಾರಕ್ಕೆ ನಲ್ಲಿ ನೀರಿರುವ ಕೋಣೆ ಸುತ್ತಮುತ್ತ ಬೇರೆಲ್ಲೂ ಸಿಕ್ಕಿರಲಿಲ್ಲ. ಅಂಗೈ ಸುಟ್ಟುಕೊಂಡು, ತಿಂದಿಲ್ಲ ಎಂದು ಆಣೆ ಮಾಡಿದರು.

ಮನೆಗೆ ಬಂದ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ದ್ಯಾವ್ರನ್ನೇ ನಂಬ್ದೇ ಇರೋನು ಆಣೆ ಮಾಡುದ್ರೆ ಅದು ಆಣೆಯೇನೆ?" ಎಂದರು. ನನ್ನ ಗಂಡ ತಲೆ ತಗ್ಗಿಸಿಕೊಂಡು ಮೇಷ್ಟ್ರಿಗೆ ಕೋಣೆ ಬಿಡಲು ಹೇಳಿ ಬಂದರು. ಕಟ್ಟು ಕಟ್ಟಿದ ಕೈಯಲ್ಲೇ ಮೇಷ್ಟ್ರು ತೊಟ್ಟಿಲು ಇಳಿಸಿದರು. ಹಗ್ಗದ ಗಂಟು ಬಿಚ್ಚಲಾಗದೆ ಅದನ್ನು ತೊಲೆಯಲ್ಲೇ ಬಿಟ್ಟು ಹೋದರು.

ಆಗ ನಮ್ಮ ಕಡೆ ಎಲ್ಲರ ಮನೆಯಲ್ಲೂ ಹಂಡೆ ಒಲೆ ಹೊತ್ತಿಸುತ್ತಿದ್ದುದು ಫ್ಯಾಕ್ಟರಿಯ ವೇಸ್ಟಿನಿಂದ. ಮೆಷೀನಿನ ಎಣ್ಣೆ ಒರೆಸಿ ಎಸೆದ ನೂಲಿನ ಉಂಡೆಗಳು ಅವು. ನಮ್ಮ ಬಚ್ಚಲ ಮೂಲೆಯಲ್ಲಿ ಅದರದೇ ಗುಡ್ಡೆಯಿತ್ತು. ಮೇಷ್ಟ್ರು ಹೋದ ಕೆಲವೇ ದಿನಕ್ಕೆ ನಾನು ಅದರ ತಳಕ್ಕೆ ಕೈ ಹಾಕಿದಾಗ ಹೆಗ್ಗಣವೊಂದು ಕಾಲಿನ ಮೇಲೇ ಹಾದು ಓಡಿತು. ಎಣ್ಣೆ ನೂಲಿನಲ್ಲೇ ಗೂಡು ಮಾಡಿಕೊಂಡಿತ್ತು. ಒಳಗೆ ಪುಕ್ಕ, ಮೂಳೆ, ಅರಿಶಿನದ ದಾರ.

ದಾರವನ್ನು ಅತ್ತೆಯ ಮುಂದೆ ಹಿಡಿದೆ. ಅವರು ತಿರುಗಿಸಿ ಮುರುಗಿಸಿ ನೋಡಿದರು.

"ನಾನ್ ಯೋಳ್ಳಿಲ್ವಾ? ಗ್ವಾಡೆ ಮ್ಯಾಲೆ ಬರ್ದು ಬರ್ದು ಕರುಸ್ಕಂಡಿದ್ದು ಅವ್ನೇ ಕಣೆ."

ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅಂದೇ ಅತ್ತೆ ಸುಣ್ಣ ಕಲಸಿ ಆ ಗೋಡೆಗೆ ತಾವೇ ಬಳಿದರು. ತೊಲೆಯ ಹಗ್ಗ ಕೈಗೆ ಎಟುಕದೆ, ಬಂದು ಬಿಚ್ಚೆಂದು ನನ್ನನ್ನು ಕೂಗಿದರು. ನಾನು ಹೋಗಲಿಲ್ಲ.